ಅಕ್ಕಿ ತೊಳೆದ ನೀರು

"ಇದಕ್ಕ ಏನ್ ಹಾಕೀರಿ?" ಎನ್ನುತ್ತ ಶಾಂತಕ್ಕ ಕುಂಡವನ್ನು ಬೋರಲು ಹಾಕಿದರು. ಬೇರುಗಳೆಲ್ಲ ಕೊಳೆತು ಕಪ್ಪಾಗಿದ್ದವು. ಎಂಬತ್ತರ ದಶಕದಲ್ಲಿ ಅಮೆರಿಕದ ವಾಲ್ನಟ್ ಕ್ರೀಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅವರು ಎರಡು ತಿಂಗಳ ಮಟ್ಟಿಗೆ ಧಾರವಾಡಕ್ಕೆ ಹೋಗುವಾಗ, ತಿರುಗಿ ಬರುವತನಕ ನೋಡಿಕೊಳ್ಳಿ ಎಂದು ಹುಳ ಹಿಡಿದು ತಿನ್ನುವ ಹೂಜಿ ಗಿಡವೊಂದನ್ನು ನನಗೆ ಒಪ್ಪಿಸಿದ್ದರು.

"ದಿನಾ ಅಕ್ಕಿ ತೊಳೆದ ನೀರು ಹಾಕ್ದೆ. ಪಾಪ, ಬರೀ ಮರಳಲ್ಲಿತ್ತಲ್ಲ," ಎಂದೆ.

ಅವರು ಬಯ್ಯಲಿಲ್ಲ. "ಸತ್ವ ಇಲ್ಲದ ಮಣ್ಣು, ಆಳದ ಕುಂಡ, ಅಷ್ಟ ಸಾಕ್ರಿ ಅದಕ್ಕ. ನೀವು ಉಣಿಸಿ ಉಣಿಸಿ ಕೊಂದ್ರಿ," ಎಂದರು ಮೆಲ್ಲಗೆ.

ನಮ್ಮ ಮನೆಯೊಳಗೆ ಮಾವನವರು ಹಾಸಿಗೆ ಹಿಡಿದಿದ್ದರು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ನಾನು ಹೊತ್ತುಹೊತ್ತಿಗೆ ಗಂಜಿ ತುರುಕುತ್ತಿದ್ದೆ. ಅಂದು ಬಟ್ಟಲು ಕೆಳಗಿಟ್ಟು ಅವರ ಕೈ ಹಿಡಿದು ಕುಳಿತೆ. ಚಮಚ ಕಂಡರೆ ಬಿಗಿಯುತ್ತಿದ್ದ ತುಟಿ ತಾನಾಗಿ ಸಡಿಲವಾಯಿತು.