ನಾರು ತೆಗೆಯದ ಎಲೆ

ಅಜ್ಜಿಗೆ ಕದ್ದು ಎಲೆಯಡಿಕೆ ಕೊಟ್ಟವಳು ನಾನು. ಅಜ್ಜ ಅಲ್ಲ.

ಇಷ್ಟು ಬರೆಯಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ಅದೂ ನಾನಾಗಿ ಬರೆಯಲು ಕುಳಿತದ್ದಲ್ಲ. ಅಜ್ಜ ತೀರಿಕೊಂಡು ವರ್ಷವಾಗುತ್ತ ಬಂತು. ವರ್ಷಾಂತಿಕಕ್ಕೆ ಬರುವವರಿಗೆ ಹಂಚಲು ಅವನ ಬಗ್ಗೆ ಒಂದು ಪುಟ ಬೇಕೆಂದು ಹೊಸನಗರದಿಂದ ದೊಡ್ಡಪ್ಪ ಫೋನು ಮಾಡಿದರು. "ತೀರ್ಥಳ್ಳಿ ಮಕ್ಳಿಗೆಲ್ಲ ಕನ್ನಡ ಕಲಿಸ್ತೀಯಲ್ಲ, ನೀನೇ ಬರಿ" ಎಂದರು. 'ಪ್ರೀತಿಯ ಪತಿ, ಅಕ್ಕರೆಯ ಅಜ್ಜ' ಎಂದು ಶುರು ಮಾಡಲು ಹೊರಟೆ. ಪತಿ ಎನ್ನುವಲ್ಲಿಗೇ ಕೈ ನಿಂತಿತು.

ಅಜ್ಜ ಟೈಲರ್. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದೇ ಮೆಷಿನ್ನಿನ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದರೆ, ಕೈ ತೊಳೆದ ಕೂಡಲೇ ಎಲೆ ತಟ್ಟೆಯ ಮುಂದೆ ಕೂರುತ್ತಿದ್ದ. ಎಲೆಯನ್ನು ಪಂಚೆಗೆ ಒರೆಸಿ, ಮಗುಚಿ, ಬೆನ್ನಿನ ನಾರುಗಳನ್ನು ಉಗುರಿನಿಂದ ಒಂದೊಂದಾಗಿ ಎಳೆಯುತ್ತಿದ್ದ, ತಪ್ಪಿದ ಹೊಲಿಗೆ ಬಿಚ್ಚುವ ಹಾಗೆ. ಆಮೇಲೆ ಸುಣ್ಣ, ಅಡಿಕೆ, ಚಿಟಿಕೆ ಹೊಗೆಸೊಪ್ಪು. ಮಡಿಚಿ ಅಜ್ಜಿಯ ಕೈಗಿಡುವವರೆಗೆ ಯಾರ ಮಾತೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ತನ್ನ ಎಲೆಯನ್ನು ಮಾತ್ರ ನಾರು ಸಮೇತ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹೆಂಡತಿಯನ್ನು ಹೀಗೆ ನೋಡಿಕೊಳ್ಳುವ ಗಂಡಸು ಕೇರಿಯಲ್ಲಿ ಇನ್ನೊಬ್ಬನಿಲ್ಲ ಎಂದು ಹೆಂಗಸರು ತಮ್ಮ ಗಂಡಂದಿರನ್ನು ಚುಚ್ಚುತ್ತಿದ್ದರು.

ಅಜ್ಜಿಯ ಬಾಯಿಯಲ್ಲಿ ಒಂದು ಹುಣ್ಣಾಯಿತು. ವಾಸಿಯಾಗಲಿಲ್ಲ. ಸಾಗರದ ಡಾಕ್ಟರು ನೋಡಿ, ಇನ್ನು ಎಲೆಯಡಿಕೆ, ಹೊಗೆಸೊಪ್ಪು ಮುಟ್ಟಿದರೆ ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಅವತ್ತೇ ಅಜ್ಜ ತಟ್ಟೆಯನ್ನು ಪಕ್ಕದ ಮನೆಗೆ ಕೊಟ್ಟುಬಂದ. "ಅವ್ಳೇ ಬಿಟ್ಮೇಲೆ ನಂಗೆಂಥಕ್ಕೆ?" ಎಂದು ತಾನೂ ಬಿಟ್ಟ. ಐವತ್ತು ವರ್ಷದ ಚಟ — ಒಂದೇ ದಿನದಲ್ಲಿ.

ಅಜ್ಜಿ ಬಿಡಲಿಲ್ಲ. ಅಜ್ಜನ ಹತ್ತಿರ ಬೇಡಿದಳು, ಅತ್ತಳು, ಕೊನೆಗೆ ಮಾತು ಬಿಟ್ಟಳು. ಒಂದು ಸಂಜೆ ನನ್ನನ್ನು ಹತ್ತಿರ ಕರೆದಳು. "ನಿಮ್ಮಜ್ಜ ಕಲ್ಲು ಕಣೇ. ಈ ಮನೇಲಿ ನಂಗೆ ಅಂತ ಇರೋಳು ನೀನೊಬ್ಳೇ."

ಆಗ ನನಗೆ ಹದಿನೇಳು. ಸಾಗರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿಂದಲೇ ಎಲೆ, ಅಡಿಕೆ, ಹೊಗೆಸೊಪ್ಪು ಎಲ್ಲ ತರುತ್ತಿದ್ದೆ, ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು. ಸಂಜೆ ಅಜ್ಜ ಅಂಗಡಿಯಿಂದ ಬರುವುದರೊಳಗೆ ಅವಸರದಲ್ಲಿ ಮಡಿಚಿ ಕೊಡುತ್ತಿದ್ದೆ. ಕನಿಕರದಿಂದ ಕೊಟ್ಟೆ ಎಂದು ಬರೆದರೆ ಕೇಳಲು ಚೆನ್ನಾಗಿರುತ್ತದೆ. ಕನಿಕರ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ — ಊರೆಲ್ಲ ಹೊಗಳುವ ಆ ಅಜ್ಜನಿಗಿಂತ ನಾನು ಅವಳಿಗೆ ಬೇಕಾದವಳು ಎನ್ನುವ ಹಿಗ್ಗು. ಐದು ತಿಂಗಳು ಆ ಹಿಗ್ಗಿಗಾಗಿ ಕೊಟ್ಟೆ.

ಹುಣ್ಣು ಹೆಚ್ಚಾಯಿತು. ಒಂದು ದಿನ ಹಾಸಿಗೆ ಕೊಡವುವಾಗ ದೊಡ್ಡಮ್ಮನಿಗೆ ದಿಂಬಿನ ಕೆಳಗೆ ಮಡಿಚಿದ ಎಲೆ ಸಿಕ್ಕಿತು. ದೊಡ್ಡಪ್ಪ ಅದನ್ನು ನಡುಮನೆಗೆ ತಂದು ಎಲ್ಲರೆದುರು ಹಿಡಿದರು.

"ಅಪ್ಪಯ್ಯ, ಅಮ್ಮಂಗೆ ಇದನ್ನ ಕೊಟ್ಟಿದ್ದು ನೀನಾ?"

ಅಜ್ಜ ಎಲೆ ಇಸಿದುಕೊಂಡ. ಬಿಚ್ಚಿದ. ಮಗುಚಿ ಬೆನ್ನಿನ ಮೇಲೆ ಉಗುರಾಡಿಸಿದ. ನಾರು ಹಾಗೇ ಇತ್ತು. ನನ್ನ ಕಡೆ ನೋಡಲಿಲ್ಲ.

"ಹೌದು. ನಾನೇ ಕೊಟ್ಟೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ಒಳಗಿದ್ದ ಅಜ್ಜಿಯೂ ತುಟಿ ಬಿಚ್ಚಲಿಲ್ಲ; ಆದರೆ ಅವಳ ಮೌನವನ್ನು ನನ್ನದಕ್ಕೆ ಅಡ್ಡ ಹಿಡಿಯಲಾರೆ.

ಅವತ್ತಿನಿಂದ ಅಜ್ಜ ಅವಳ ಕೋಣೆಗೆ ಒಬ್ಬನೇ ಹೋಗಬಾರದೆಂದು ದೊಡ್ಡಪ್ಪ ಕಟ್ಟಪ್ಪಣೆ ಮಾಡಿದರು. ಅವನು ಹೋದರೆ ಯಾರಾದರೂ ಜೊತೆಗಿರಬೇಕು. ಸಂಜೆಯ ಹೊತ್ತಿಗೆ ಆ ಕಾವಲಿಗೆ ಕೂರಿಸಿದ್ದು ನನ್ನನ್ನು.

ಮೂರು ತಿಂಗಳು ಕೂತೆ. ಎಲೆ ತರುವುದನ್ನೇನೋ ನಿಲ್ಲಿಸಿದ್ದೆ — ಆದರೆ ನಿಜ ಹೇಳಲಿಲ್ಲ. ಅಜ್ಜ ಅವಳ ಕಾಲೊತ್ತುತ್ತ ಕೂತಿರುತ್ತಿದ್ದ. ಒಮ್ಮೆ ಅವಳಿಗೆ ಜೋಂಪು ಹತ್ತಿದಾಗ, ತಲೆಯೆತ್ತದೆ ಮೆಲ್ಲಗೆ ಹೇಳಿದ.

"ನಾರು ತೆಗ್ದಾದ್ರೂ ಕೊಡ್ಬೇಕಿತ್ತು ಕೂಸೆ. ಅವ್ಳಿಗೆ ಒಸಡಿಗೆ ಚುಚ್ಚುತ್ತೆ."

ಅಷ್ಟೇ. ಅವನು ಬದುಕಿರುವವರೆಗೆ ಆ ವಿಷಯದಲ್ಲಿ ನನಗೆ ಆಡಿದ ಮಾತು ಅದೊಂದೇ. ಆಗಲಾದರೂ ಎದ್ದು ದೊಡ್ಡಪ್ಪನ ಹತ್ತಿರ ಹೋಗಬಹುದಿತ್ತು. ನಡುಮನೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಹೋಗಲಿಲ್ಲ.

ಅಜ್ಜಿ ಹೋದಳು. ಕಡೆಯ ಗಳಿಗೆಯಲ್ಲೂ ಅವರಿಬ್ಬರ ನಡುವೆ ಮೂರನೆಯವಳಾಗಿ ನಾನಿದ್ದೆ.

ಆಮೇಲೆ ದೊಡ್ಡಪ್ಪ ಅಜ್ಜನಿಗೆ ಊಟ, ಬಟ್ಟೆ, ಔಷಧಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮಾತು ಮಾತ್ರ ಎಣಿಸಿ ಆಡಿದರು. "ಅಪ್ಪಯ್ಯ ಒಳ್ಳೆಯವನೇ, ಆದ್ರೆ ಅಮ್ಮನ ವಿಷಯದಲ್ಲಿ..." ಎಂದು ಈಗಲೂ ನಿಲ್ಲಿಸುತ್ತಾರೆ. ಮೌನ ಬಂಗಾರ ಎನ್ನುತ್ತಾರೆ. ನನ್ನ ಬಂಗಾರಕ್ಕೆ ಇಪ್ಪತ್ತೊಂದು ವರ್ಷ ಬೆಲೆ ತೆತ್ತವನು ಅಜ್ಜ. ಅದರ ನಡುವೆ ನನ್ನ ಮದುವೆಯ ರವಿಕೆ ಹೊಲಿದುಕೊಟ್ಟ. ನನ್ನ ಮಗಳಿಗೆ ಸೂಜಿಗೆ ದಾರ ಪೋಣಿಸಲು ಕಲಿಸಿದ. ಅವನ ಪಕ್ಕದಲ್ಲಿ ಕೂತು ನಗುತ್ತಿದ್ದೆ — ಹೇಗೆ ನಕ್ಕೆನೋ.

ದೊಡ್ಡಪ್ಪ ಕೇಳಿದ ಪುಟ ಇದೇ. ಅಚ್ಚಿಗೆ ಕಳಿಸುವುದಿಲ್ಲ; ವರ್ಷಾಂತಿಕಕ್ಕೆ ಎಲ್ಲರೂ ಕೂಡಿದಾಗ, ಅದೇ ನಡುಮನೆಯಲ್ಲಿ ನಿಂತು ನಾನೇ ಓದುತ್ತೇನೆ. ಊಟವಾದ ಮೇಲೆ ಎಲೆ ತಟ್ಟೆ ಬರುತ್ತದೆ. ನಾರು ತೆಗೆದು, ಸುಣ್ಣ ಹಚ್ಚಿ, ಮೊದಲ ಎಲೆಯನ್ನು ದೊಡ್ಡಪ್ಪನ ಮುಂದೆ ಹಿಡಿಯುತ್ತೇನೆ. ಅವರು ನನ್ನ ಕೈಯಿಂದ ತೆಗೆದುಕೊಳ್ಳಬೇಕೆಂದೇನೂ ಇಲ್ಲ.