ಮಬ್ಬು ಮೇಷ್ಟ್ರ ಸೇತುವೆ

ಅಕ್ಕಿಯನ್ನೆಲ್ಲ ಚೆಲ್ಲಿ ಮೊರದಲ್ಲಿ ಉಳಿದ ಧೂಳನ್ನು ಜೋಪಾನ ಮಾಡುವವರು ಯಾರಾದರೂ ಇದ್ದರೆ ಅದು ಖಗೋಳ ವಿಭಾಗದ ಮಬ್ಬು ಮೇಷ್ಟ್ರು. ರೇಡಿಯೊ ದೂರದರ್ಶಕದ ಚಿತ್ರ ಕೈಗೆ ಬಂದದ್ದೇ ತಡ, ಹೊಳೆಯುವ ಗ್ಯಾಲಕ್ಸಿಗಳನ್ನು ಒಂದೊಂದಾಗಿ ಅಳಿಸಿ, ಉಳಿದದ್ದನ್ನು ಇನ್ನಷ್ಟು ಮಸುಕು ಮಾಡಿ, ಎರಡು ಗ್ಯಾಲಕ್ಸಿ ಗುಂಪುಗಳ ನಡುವೆ ತೇಲುವ ತೆಳು ಮಬ್ಬನ್ನು ಸೇತುವೆ ಎನ್ನುತ್ತಾರೆ. ಆಮೇಲೆ ಕನ್ನಡಕ ತೆಗೆದು, ಬಾಗಿಲವರೆಗೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, "ಈಗ ಕಾಣ್ತಿದೆ ನೋಡಮ್ಮ!" ಎಂದು ಹಿಗ್ಗುತ್ತಾರೆ. ಕನ್ನಡಕ ತೆಗೆದರೆ ಗೋಡೆಯ ತೇವದ ಕಲೆಯೂ ಬ್ರಹ್ಮಾಂಡವೇ ಎಂದು ಪಕ್ಕದ ಮೇಜಿನ ಸಹೋದ್ಯೋಗಿ ಮೂಗು ಮುರಿಯುತ್ತಾಳೆ. ಹನ್ನೊಂದು ವರ್ಷದಿಂದ ಆಕೆಗೆ ಈ ನಾಟಕ ಬಾಯಿಪಾಠ. ಮೇಷ್ಟ್ರ ಜೊತೆಯವರೆಲ್ಲ ನಿರ್ದೇಶಕರಾದರು, ಇವರದು ಒಂದು ಸೇತುವೆಯೂ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗಲಿಲ್ಲ. ಹೀಗೇ ಅಳಿಸಿ ಮಸುಕು ಮಾಡಿ ಕಂಡ ಆಕೆಯ ಸೇತುವೆಯೋ, ಹೋದ ವರ್ಷ ಅಚ್ಚಾಗಿ ಬಹುಮಾನವನ್ನೂ ಹೊಡೆಯಿತು. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟಳು: "ಅಷ್ಟು ಚೆನ್ನಾಗಿ ಕಾಣೋದಾದ್ರೆ ಪತ್ರಿಕೆಗೆ ಕಳಿಸಬಾರದಾ ಸರ್?" ಮೇಷ್ಟ್ರು ಪೆಚ್ಚಾಗಿ ನಕ್ಕರು. "ಕಳಿಸೋ ಮುಂಚೆ, ಏನೂ ಇಲ್ಲದ ಖಾಲಿ ಆಕಾಶದ ಚಿತ್ರಾನೂ ಹೀಗೇ ಅಳಿಸಿ ಮಸುಕು ಮಾಡಿ ನೋಡ್ತೀನಮ್ಮ. ಹಾಳಾದ್ದು, ಅಲ್ಲೂ ಒಂದು ಸೇತುವೆ ಬಂದುಬಿಡುತ್ತೆ. ಅಲ್ಲಿಗೆ ಅದು ಆಕಾಶದ್ದಲ್ಲ, ನಂದೇ ಕೈವಾಡ ಅಂತ ಆಯ್ತಲ್ಲ. ಹರಿದು ಹಾಕ್ತೀನಿ." ಕನ್ನಡಕ ಒರೆಸಿ ಮೂಗಿಗೇರಿಸಿಕೊಂಡು, ಕಿಂಚಿತ್ತೂ ಕುಹಕವಿಲ್ಲದೆ ಕೇಳಿದರು: "ನೀನು ಖಾಲಿ ಆಕಾಶ ನೋಡಿದಾಗ ಹಾಗೆ ಬರಲಿಲ್ಲ, ಅಲ್ವಾ?" ಖಾಲಿ ಆಕಾಶದ ಕಡೆ ಆಕೆ ತಿರುಗಿಯೂ ನೋಡಿರಲಿಲ್ಲ.