ಜೋಕಾಲಿಯ ಮೇಲೆ ಕೂತಿದ್ದವನು

ಜೇವರ್ಗಿಯ ನಮ್ಮ ಓಣಿಯ ಪಾರ್ಕು ಹೇಳಿಕೊಳ್ಳುವಂಥದ್ದೇನಲ್ಲ. ನಾಲ್ಕು ಬೇವಿನ ಗಿಡ, ಬಣ್ಣ ಕಿತ್ತ ಸಿಮೆಂಟ್ ಬೆಂಚು, ಕಬ್ಬಿಣದ ಎರಡು ಜೋಕಾಲಿ. ಆದರೂ ಊರಿಗೆ ಹೋದಾಗಲೆಲ್ಲ ಒಂದು ಬೆಳಿಗ್ಗೆ ಅಲ್ಲಿ ಕೂತು ಬರುತ್ತೇನೆ. ಅಪ್ಪ ನನ್ನನ್ನು ಆಡಿಸಿದ ಒಂದೇ ಒಂದು ನೆನಪು ನನ್ನಲ್ಲಿದೆ, ಅದು ಆ ಜೋಕಾಲಿಯದು. ಆಗ ನಾನು ಕಾಲು ನೆಲಕ್ಕೆ ಎಟುಕದಷ್ಟು ಸಣ್ಣವನು. ಅಪ್ಪ ಹಿಂದಿನಿಂದ ತೂಗುತ್ತಿದ್ದಾನೆ. ಬಗ್ಗಿದಾಗಲೆಲ್ಲ ಅವನ ಕೊರಳಲ್ಲಿರುವ ಕರಡಿಗೆ, ಇಷ್ಟಲಿಂಗವಿಡುವ ಬೆಳ್ಳಿಯ ಡಬ್ಬಿ, ಸರಪಳಿಗೆ ಬಡಿದು 'ಟಣ್' ಎನ್ನುತ್ತದೆ. ಉಳಿದಂತೆ ನನ್ನ ಪಾಲಿನ ಅಪ್ಪ ಎಂದರೆ ತೊಗರಿ ಅಂಗಡಿಯ ಗಾದಿಯ ಮೇಲೆ ಕೂತು ಮಗ್ಗಿ ಕೇಳುತ್ತಿದ್ದ, ತಪ್ಪಿದರೆ ಕಿವಿ ಹಿಂಡುತ್ತಿದ್ದ ಮನುಷ್ಯ.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವಾಗ, ಸಾಕ್ಷಿಯಿಲ್ಲದೆ ಯಾವುದನ್ನೂ ನಂಬಬಾರದೆಂದು ಕಲಿತೆ. ಎಲ್ಲರ ಮಾತನ್ನೂ ಅನುಮಾನಿಸಿದೆ, ಈ ಒಂದು ನೆನಪನ್ನು ಬಿಟ್ಟು.

ಕಳೆದ ಚಳಿಗಾಲದ ಒಂದು ಭಾನುವಾರ ತಮ್ಮ ಮತ್ತು ಅವನ ನಾಲ್ಕು ವರ್ಷದ ಮಗಳು ಜೊತೆಗೆ ಬಂದಿದ್ದರು. ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಅವನದು, ಊರೂ ಅವನದೇ ಎನ್ನುವ ಹಾಗಿದೆ. ಗೇಟು ಕಿರ್ರೆಂದದ್ದೇ ತಡ, ನಡೆಯಲು ಬಂದವರೆಲ್ಲ ಅವನಿಗೆ "ಶರಣ್ರಿ" ಎಂದರು. ಚಪ್ಪಲಿ ಎಳೆಯುತ್ತ ಸುತ್ತು ಹಾಕುತ್ತಿದ್ದ ಮುದುಕರೊಬ್ಬರು ನನ್ನ ಕಡೆ ಕೈ ಮಾಡಿ, "ಇವ್ರು ಯಾರ್ರಿ, ಬೀಗ್ರೇನು?" ಎಂದು ಅವನನ್ನೇ ಕೇಳಿದರು.

"ನಮ್ಮ ಅಣ್ಣಾರ್ರಿ. ಭಾಳ ಓದ್ಯಾರ. ಹೊತ್ತು ಹುಟ್ಟೇದಂದ್ರೂ ನಂಬಂಗಿಲ್ಲ, ಪುರಾವೆ ಕೇಳ್ತಾರ," ಎಂದ ತಮ್ಮ. ಮುದುಕರು ಕೆಮ್ಮು ಬರುವವರೆಗೆ ನಕ್ಕರು. ನಾನೂ ನಕ್ಕೆ. ಹುಟ್ಟಿದ ಊರಲ್ಲಿ ಬೀಗನಾದದ್ದು ಒಳಗೊಳಗೇ ಚುಚ್ಚಿತು.

ಬೇವಿನ ಮೇಲೆ ಗೊರವಂಕಗಳು ಜಗಳಾಡುತ್ತಿದ್ದವು. ಹೊರಗೆ ಕಸದ ಗಾಡಿಯ ಹಾಡು ಓಣಿಯಿಂದ ಓಣಿಗೆ ಸರಿಯುತ್ತಿತ್ತು. ನಾನು ಬೆಂಚಿನ ಮೇಲೆ ಕೂತೆ, ತಮ್ಮ ತನ್ನ ಮಗಳನ್ನು ಜೋಕಾಲಿಯಲ್ಲಿ ಕೂರಿಸಿ ತೂಗತೊಡಗಿದ. ಎರಡು ಸಲ ತೂಗಿದ್ದನೋ ಇಲ್ಲವೋ, ಅವನ ಕರಡಿಗೆ ಸರಪಳಿಗೆ ಬಡಿಯಿತು. ಟಣ್.

"ಅಣ್ಣಾ, ಈ ಸಪ್ಪಳ ಕೇಳಿದ್ರ ನನಗ ಅಪ್ಪನ ನೆನಪ ಬರ್ತದ," ಎಂದ. "ನನಗ ಇಲ್ಲೇ ಹಿಂಗೇ ತೂಗತಿದ್ದ. ಇದು ಅವನದೇ ಕರಡಿಗಿ."

"ನನಗೂ ತೂಗ್ಯಾನ. ಇದೇ ಸಪ್ಪಳ ನನಗೂ ನೆನಪದ," ಎಂದೆ. ದನಿ ಬೇಕಾದ್ದಕ್ಕಿಂತ ಗಡಸಾಗಿತ್ತು.

"ಅದ್ಹೆಂಗ?" ತಮ್ಮ ತೂಗುವುದನ್ನು ನಿಲ್ಲಿಸಲಿಲ್ಲ. "ಬೆಳ್ಳಿ ಕರಡಿಗಿ ಮಾಡಿಸಿದ್ದು ನಾ ಹುಟ್ಟಿ ನನಗ ಲಿಂಗ ಕಟ್ಟಿದಾಗ. ಅದಕ್ಕಿಂತ ಮೊದಲ ಬಟ್ಟ್ಯಾಗ ಕಟ್ಕೋತಿದ್ದನಂತ. ಅವ್ವ ಹೇಳ್ತಿದ್ಳಲ್ಲ."

ಅವ್ವ ಹೇಳುತ್ತಿದ್ದದ್ದು ನಿಜ. ಬಟ್ಟೆಯ ಗಂಟು ಸದ್ದು ಮಾಡುವುದಿಲ್ಲ. ತಮ್ಮ ಹುಟ್ಟಿದಾಗ ನನಗೆ ಒಂಬತ್ತು ವರ್ಷ, ಮರುವರ್ಷ ಅಫಜಲಪುರದ ಹಾಸ್ಟೆಲಿಗೆ ಹೋದೆ. ರಜೆಗೆ ಬಂದಾಗ ಅಪ್ಪ ಅವನನ್ನು ಕರೆದುಕೊಂಡು ಪಾರ್ಕಿಗೆ ಹೊರಟರೆ ನಾನೂ ಹಿಂದೆ ಹೋಗುತ್ತಿದ್ದೆ. ಬೆಂಚಿನ ಪಕ್ಕ ನಿಂತು ನೋಡುತ್ತಿದ್ದಿರಬೇಕು. ಸದ್ದು ಅಲ್ಲಿ ಕೇಳಿದ್ದು. ಆಮೇಲೆ ಯಾವಾಗಲೋ, ನನಗೇ ತಿಳಿಯದ ಹಾಗೆ, ಅವನನ್ನು ಇಳಿಸಿ ನಾನು ಹತ್ತಿ ಕೂತಿದ್ದೆ.

"ದೊಡ್ಡಪ್ಪಾ, ಮುತ್ಯಾ ನಿನಗ ತೂಗಿಲ್ಲಾ?" ಮಗು ಹಿಂದಕ್ಕೂ ಮುಂದಕ್ಕೂ ಹೋಗುತ್ತಲೇ ಅಜ್ಜನ ಬಗ್ಗೆ ಕೇಳಿತು.

ತಮ್ಮ ನನ್ನ ಮುಖ ನೋಡಿದ. ಏನೋ ಅರ್ಥವಾಗಿರಬೇಕು. "ತೂಗ್ಯಾನ, ತೂಗ್ಯಾನ. ಮೊದಲ ದೊಡ್ಡಪ್ಪಗೇ ತೂಗ್ಯಾನ," ಎಂದ.

ಬೇಕಾದಷ್ಟು ಇದ್ದವನು ಹೀಗೆ ಕೊಟ್ಟುಬಿಡಬಲ್ಲ. ಆ ದಾನ ನನಗೆ ಬೇಡವಾಗಿತ್ತು.

"ಇಲ್ಲವ್ವಾ, ನನಗ ತೂಗಿಲ್ಲ. ನಿಮ್ಮಪ್ಪಗ ತೂಗಿದ. ನಾ ನಿಂತು ನೋಡೀನಿ," ಎಂದೆ.

ತಮ್ಮನ ಕೈ ಸರಪಳಿಯ ಮೇಲೆ ನಿಂತಿತು. "ನೋಡೀಯೇನು? ಅಪ್ಪ ನನ್ನ ಬೆನ್ನ ಹಿಂದಿರ್ತಿದ್ದ, ಅಣ್ಣಾ. ತೂಗುವಾಗ ಅವನ ಮಾರಿ ನಾ ಒಮ್ಮೆನೂ ನೋಡಿಲ್ಲ. ನಗತಿದ್ನೇನು?"

ಎಷ್ಟು ಕೆದಕಿದರೂ ನನಗೆ ಯಾವ ಮುಖವೂ ನೆನಪಾಗಲಿಲ್ಲ. ಆದರೆ ಅದನ್ನು ಹೇಳಲಿಲ್ಲ. ತಮ್ಮ ಕಾಯುತ್ತಿದ್ದ. ತನಗಿಲ್ಲದ್ದು ನನ್ನ ಬಳಿ ಇದೆಯೆಂದು ಅವನು ನನ್ನತ್ತ ಹಾಗೆ ನೋಡಿದ್ದು ಅದೇ ಮೊದಲು. ಇನ್ನಷ್ಟು ಹೊತ್ತು ನೋಡಲಿ ಎಂದು ಸುಮ್ಮನೆ ಕೂತೆ.